ಮೇಸ್ತ್ರಿ ರಜೆ ಹಾಕಿದ ದಿನ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಚಳಿಗಾಲದಲ್ಲಿ ಊರವರ ಜ್ವರವೆಲ್ಲ ನನಗೊಬ್ಬನಿಗೇ ಬರಲಿ. ಕುಳಿತುಕೊಳ್ಳಿ. ನೀವು ಹೊಸಬರು, ಇಂಜೆಕ್ಷನ್ ಅಂದರೆ ಬೆವರುತ್ತಿದ್ದೀರಿ. ಸಾಲು ಕರಗುವವರೆಗೆ ಒಂದು ಪ್ರೇಮಕಥೆ ಹೇಳುತ್ತೇನೆ. ನಾಯಕ ನಾನೇ.

ನಾನು ಈ ಗಾಜಿನ ಕಾರ್ಖಾನೆಯ ಮೇಸ್ತ್ರಿ. ಕೆಂಡದಂಥ ಗಾಜನ್ನು ಕೊಳವೆಯ ತುದಿಗೆ ಸುತ್ತಿ, ಇನ್ನೊಂದು ತುದಿಗೆ ಬಾಯಿಟ್ಟು ಊದುವುದು ನಮ್ಮ ಕೆಲಸ. ಆಗೆಲ್ಲ ಕೊಳವೆ ಬಾಯಿಂದ ಬಾಯಿಗೆ ತಿರುಗುತ್ತಿತ್ತು. ಒಬ್ಬ ಅರ್ಧ ಊದಿದ್ದನ್ನು ಇನ್ನೊಬ್ಬ ಮುಗಿಸಬೇಕು. ಜೊತೆಗೆ ಜ್ವರವೂ ತಿರುಗಿತು. ನಾವು ಡ್ರಮ್ ಎಂದು ಕರೆಯುವ ಗೆಳೆಯ ಊದುತ್ತಿರುವಾಗಲೇ ಸೀನಿಬಿಟ್ಟ. ಹೂದಾನಿ ಆಗಬೇಕಿದ್ದದ್ದು ಹಂಡೆಯಾಯಿತು. ಅದರಲ್ಲೀಗ ಯಜಮಾನರ ನಾಯಿ ಮಲಗುತ್ತದೆ. ನಾಯಿಗೂ ಆಗಾಗ ಸೀನು ಬರುತ್ತದೆ.

ಆ ವರ್ಷ ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಜ್ವರದಿಂದ ಮಲಗಿ ಕುಲುಮೆ ಆರಿತು. ತಣ್ಣಗಾದ ಕುಲುಮೆ ಒಳಗೇ ಸೀಳಿಹೋಗುತ್ತದೆ. "ಇನ್ನೊಂದು ಸಲ ಆರಿದ್ರೆ ಬಾಗಿಲು ಹಾಕ್ತೀನಿ" ಎಂದರು ಯಜಮಾನರು. ಮುಂದಿನ ಚಳಿಗಾಲಕ್ಕೆ ಮುಂಚೆಯೇ ಒಬ್ಬ ನರ್ಸನ್ನು ಕರೆಸಿದರು.

ಎಲ್ಲರೂ ಅವಳನ್ನು ಸಿಸ್ಟರ್ ಎಂದರು. ನಾನೊಬ್ಬನೇ ಮೇಡಂ ಎಂದೆ. ಮುಂದಾಲೋಚನೆ ಅನ್ನುವುದು ಕೆಲವರಿಗೆ ಹುಟ್ಟಿನಿಂದ ಬಂದಿರುತ್ತದೆ.

"ಈ ಕೊಳವೆ ಯಾರದು?" ಕೇಳಿದಳು.

"ಎಲ್ಲರದ್ದೂ, ಮೇಡಂ."

"ಅಂದ್ರೆ ನಿಮ್ಮಲ್ಲಿ ಜ್ವರ ನಡ್ಕೊಂಡು ಬರಲ್ಲ. ಅದಕ್ಕೆ ನೀವೇ ಗಾಡಿ ಮಾಡಿಕೊಟ್ಟಿದೀರಿ!"

ಮರುದಿನವೇ ಕೊಳವೆಗೆ ಸಿಕ್ಕಿಸಲು ಬಣ್ಣಬಣ್ಣದ ರಬ್ಬರ್ ತುದಿಗಳು ಬಂದವು, ಒಬ್ಬರಿಗೊಂದು. ಬಾಗಿಲಲ್ಲಿ ಸೋಪು ಬಂತು. ನಾನು ಎಷ್ಟು ಕೈ ತೊಳೆದೆನೆಂದರೆ ಬೆರಳಚ್ಚೇ ಅಳಿಸಿಹೋಗಿ, ಹಾಜರಿ ಮೆಷಿನ್ ನನ್ನ ಗುರುತೇ ಇಲ್ಲವೆಂದಿತು. ಸೋಪಿನ ಪಕ್ಕದಲ್ಲೇ ಅವಳು ನಿಲ್ಲುತ್ತಿದ್ದಳು ಅನ್ನುವುದು ಬೇರೆ ಮಾತು.

ಆಮೇಲೆ ಅಸಲಿ ಬಾಂಬು ಹಾಕಿದಳು. "ಒಬ್ಬೊಬ್ಬರ ಕೆಲಸಾನೂ ಇನ್ನೊಬ್ಬರು ಕಲೀಬೇಕು. ಹುಷಾರಿಲ್ಲದೋರು ಮನೇಲಿರಬೇಕು. ಯಾರೇ ಆಗಿರ್ಲಿ."

"ನನ್ನ ಕೆಲಸ ಯಾರಿಗೂ ಬರಲ್ಲ. ನಾನು ಇದುವರೆಗೆ ರಜೇನೇ ಹಾಕಿಲ್ಲ."

"ಹೌದಾ? ಹಾಗಾದ್ರೆ ನನಗೇ ಕಲಿಸಿ."

ಕಲಿಸಿದೆ. ಸಂಜೆಯ ಹೊತ್ತು, ಕುಲುಮೆಯ ಕೆಂಪು ಬೆಳಕಿನಲ್ಲಿ. ಮಾಸ್ಕಿನ ಮೇಲಿನ ಎರಡು ಕಣ್ಣುಗಳಷ್ಟೇ ನನ್ನ ಪಾಲಿಗೆ. ಅವಳು ನಕ್ಕರೆ ಎಡಗಣ್ಣು ಮೊದಲು ಕಿರಿದಾಗುತ್ತಿತ್ತು, ಬಲಗಣ್ಣು ಸ್ವಲ್ಪ ಯೋಚಿಸಿ ಹಿಂಬಾಲಿಸುತ್ತಿತ್ತು. ಊದುವಾಗ ಮಾಸ್ಕ್ ಇಳಿಸಲೇಬೇಕಲ್ಲ, ಆಗ ನಾನು ಸಭ್ಯನಂತೆ ಕಿಟಕಿಯ ಕಡೆ ತಿರುಗುತ್ತಿದ್ದೆ. ಕಿಟಕಿಯ ಗಾಜಿನಲ್ಲಿ ಅವಳ ಮುಖ ಕಾಣುತ್ತಿದ್ದುದು ಕಿಟಕಿಯ ತಪ್ಪು.

"ಗಾಜಿಗೆ ಜೋರು ಮಾಡಬೇಡಿ ಮೇಡಂ. ಪುಸಲಾಯಿಸಿ."

"ನಿಮಗೆ ಪುಸಲಾಯಿಸೋದು ಚೆನ್ನಾಗಿ ಬರುತ್ತಾ?"

"ಗಾಜನ್ನ ಮಾತ್ರ."

"ಅದೂ ಗೊತ್ತಾಗ್ತಿದೆ ಬಿಡಿ" ಎಂದಳು. ಎಡಗಣ್ಣು, ಆಮೇಲೆ ಬಲಗಣ್ಣು.

ಸುಟ್ಟ ಬೆರಳಿಗೆ ತಾನೇ ಪಟ್ಟಿ ಕಟ್ಟಿಕೊಂಡು ಮತ್ತೆ ಕೊಳವೆ ಹಿಡಿಯುತ್ತಿದ್ದಳು. ಅಂಥ ಹಟ. ಆ ಹಟವನ್ನು ನೋಡುತ್ತ ನೋಡುತ್ತ ನಾನು ಕೆಟ್ಟೆ. ಆದರೆ ಹೇಳಲು ಬಾಯಿ ಬರಲಿಲ್ಲ. ಅಷ್ಟು ವರ್ಷ ಊದಿದ ಬಾಯಿ!

ಚಳಿ ಬಂತು. ಒಂದು ಹೋಟೆಲಿಗೆ ದೀಪದ ಗಾಜುಗಳನ್ನು ಕೊಡಬೇಕಿದ್ದ ಕೊನೆಯ ದಿನ ಎದ್ದರೆ, ಗಂಟಲಲ್ಲಿ ಮರಳು, ಮೈಯೆಲ್ಲ ಕುಲುಮೆ. ಆದರೂ ಶೂ ಹಾಕಿಕೊಂಡೆ.

"ಜ್ವರ ಸುಡ್ತಿದೆಯಲ್ಲೋ! ಆ ಹುಡುಗಿ ಏನು ಹೇಳಿದ್ಲು?" ಎಂದಳು ಅಮ್ಮ.

ಒಂದು ಶೂ ಕಟ್ಟಿ ಕುಳಿತೆ. ನಾನು ಹೋದರೆ ಗಾಜು ಮುಗಿಯುತ್ತದೆ. ಆದರೆ ನಾಳೆಯಿಂದ ಕೆಮ್ಮುವವರೆಲ್ಲ, ಮೇಸ್ತ್ರಿಯೇ ಬಂದಿದ್ದನಲ್ಲ ಎಂದುಕೊಂಡು ಬರುತ್ತಾರೆ. ಅವಳು ಕಟ್ಟಿದ್ದೆಲ್ಲ ಹಾಳು, ಕುಲುಮೆಯೂ ಹಾಳು. ಹೋಗದಿದ್ದರೆ ನನ್ನ ಜಾಗದಲ್ಲಿ ಅವಳು ಕೂರಬೇಕು. ಸೋತರೆ ಯಜಮಾನರು ಅವಳನ್ನು ಸಂಜೆಯೇ ಕಳಿಸಿಬಿಡುತ್ತಾರೆ. ಅವಳ ಕೈಯನ್ನು ನಾನು ನಂಬುತ್ತೇನೋ ಇಲ್ಲವೋ?

ಶೂ ಬಿಚ್ಚಿದೆ. ಫೋನ್ ಮಾಡಿದೆ.

"ಮೇಡಂ, ನನಗೆ ಜ್ವರ. ನಾನು ಇವತ್ತು ಬರಲ್ಲ. ನನ್ನ ಜಾಗದಲ್ಲಿ ನೀವು ಕೂತ್ಕೊಳ್ಳಿ."

ಆ ಕಡೆ ಅವಳು ಯಾರಿಗೋ ನನ್ನ ಕೊಳವೆ ತರಲು ಹೇಳಿದಳು. ಆಮೇಲೆ ಮೆಲ್ಲಗೆ, "ಇಷ್ಟು ಒಳ್ಳೆ ಮಾತು ಇದುವರೆಗೆ ಯಾರೂ ನನಗೆ ಹೇಳಿಲ್ಲ ಮೇಸ್ತ್ರಿಗಳೇ" ಎಂದಳು.

ಆ ದಿನ ನನ್ನ ಹಣೆಯ ಮೇಲೆ ಅಮ್ಮ ಹಾಲು ಕಾಯಿಸಿಕೊಂಡಳು. ಸುಳ್ಳಲ್ಲ, ಉಕ್ಕಿತು ಕೂಡ.

ಸಂಜೆ ಕಿಟಕಿಯ ಹೊರಗೆ ಅವಳು ಬಂದು, ದೂರದಲ್ಲೇ ನಿಂತಳು. ಕೆನ್ನೆಯ ಮೇಲೆ ಮಸಿ.

"ಮುಗೀತಾ?"

"ಮುಗೀತು. ಎರಡು ಸೊಟ್ಟಗಾದವು. ಹೋಟೆಲಿನೋರು ಅವೇ ಚೆನ್ನಾಗಿವೆ ಅಂದ್ರು."

"ಕುಲುಮೆ?"

"ಉರೀತಿದೆ. ಇನ್ನು ನಾನಿಲ್ಲದಿದ್ರೂ ನಡೆಯುತ್ತೆ."

"ಹೊರಟುಬಿಡ್ತೀರಾ?"

"ಹೋಗಬೇಡ ಅನ್ನೋರು ಯಾರೂ ಕಾಣಿಸ್ತಿಲ್ಲ."

"ಗಂಟಲು ಕಟ್ಟಿದೆ, ಮೇಡಂ."

"ಸರಿ, ಗಂಟಲು ಬಿಡೋವರೆಗೆ ಕಾಯ್ತೀನಿ. ಜ್ವರದಲ್ಲಿ ಆಡಿದ ಮಾತು ನನಗೆ ಬೇಡ."

ಜ್ವರ ಬಿಟ್ಟ ಕೂಡಲೇ ನೇರ ಅವಳ ಕೋಣೆಗೆ ಹೋದೆ. ನಾನು ಬಾಯಿ ತೆರೆಯುತ್ತಿದ್ದಂತೆ ಅವಳು ಥರ್ಮಾಮೀಟರ್ ತುರುಕಿದಳು. ಅದನ್ನು ಕಚ್ಚಿಕೊಂಡೇ ಹೇಳಿದೆ, ಇಲ್ಲೇ ಇದ್ದುಬಿಡಿ, ನನ್ನ ಜೊತೆ. ಅವಳು ಥರ್ಮಾಮೀಟರ್ ತೆಗೆದು ನೋಡಿದಳು. ಜ್ವರವಿರಲಿಲ್ಲ. ಆದರೂ ಖಾತ್ರಿಗೆ ಇನ್ನೊಮ್ಮೆ ನೋಡಿದಳು.

"ಇನ್ನೊಂದು ಸಲ ಹೇಳಿ" ಎಂದಳು.

ಹೇಳಿದೆ. ಆಗ ಶೆಲ್ಫಿನ ಮೇಲಿದ್ದ ಗಾಜುಗಳೆಲ್ಲ...

"ರೀ! ಕಥೆ ಸಾಕು, ಅವರನ್ನ ಒಳಗೆ ಕಳಿಸ್ರೀ!"

ಬಂದರು ಮೇಡಂ, ಬಂದರು. ನೀವು ಒಂದು ನಿಮಿಷ ನಿಲ್ಲಿ ಸ್ವಾಮಿ, ಮುಖ್ಯವಾದದ್ದು ಈಗಲೇ ಬರುವುದು. ಗಾಜುಗಳೆಲ್ಲ ತಾವಾಗಿಯೇ ಕಿಣಿಕಿಣಿ ಎಂದವು, ಅವುಗಳಲ್ಲಿ ಒಂದು ಲೋಟ ಮೆಲ್ಲಗೆ ಮೇಲೆದ್ದು, ಅವಳ ತಲೆಯ ಸುತ್ತ... ಅರೆ, ಅಂಗಿಯ ತೋಳು ಮಡಚಿಕೊಂಡು ಒಳಗೆ ಹೊರಟೇಬಿಟ್ಟಿರಲ್ಲ! ಸುತ್ತ ಒಂದು ಸುತ್ತು ಬಂದು, ನನ್ನ ಕಡೆಗೇ... ಹೋಗಲಿ, ಉಳಿದದ್ದು ನೀವು ಹೊರಗೆ ಬಂದ ಮೇಲೆ.