ಮೂವತ್ತು ಡಿಗ್ರಿಯ ಇಳಿಜಾರು

ಲೆಕ್ಕದ ಕತೆ ಹೇಳುವಷ್ಟು ಲೆಕ್ಕ ನನಗೆ ಬರುವುದಿಲ್ಲ. ಕಲಿತದ್ದು ಸಂಜೆ ಶಾಲೆಯಲ್ಲಿ, ಅದೂ ಅರೆಬರೆ. ಆದರೂ ಹೇಳಲು ಹೊರಟಿದ್ದೇನೆ, ಕ್ಷಮಿಸಿ. ಎಲ್ಲಾದರೂ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

"ಟೇಪು, ಬೇಗ ಹೇಳೇ. ಎಷ್ಟಕ್ಕೆ ಕೊಯ್ಲಿ?"

ಮಾವ ಗರಗಸ ಹಿಡಿದು ನಿಂತಿದ್ದ. ಅವನು ಬಡಗಿ. ಅಕ್ಕನ ಮಗಳು ಕಂಡದ್ದನ್ನೆಲ್ಲ ಅಳೆಯುತ್ತಾಳೆಂದು ಅವಳಿಗೆ ಟೇಪು ಎಂದು ಹೆಸರಿಟ್ಟವನೂ ಅವನೇ.

"ಒಂದು ನಿಮಿಷ ಮಾವ. ಸೈನ್ ಹಾಕ್ತಿದ್ದೀನಿ."

"ಏನಾದ್ರೂ ಹಾಕು, ಕತ್ತಲಾಗೋದ್ರೊಳಗೆ ಹಾಕು."

ಬಾಗಿಲಿನಿಂದ ಓಣಿಗೆ ಮೂರು ಮೆಟ್ಟಿಲು. ಒಟ್ಟು ಎರಡು ಅಡಿ ಎತ್ತರ. ಸೊಂಟ ಮುರಿದ ಮೇಲೆ ಅಜ್ಜಿ ಆ ಮೆಟ್ಟಿಲು ಇಳಿದಿಲ್ಲ. ಗಾಲಿಕುರ್ಚಿ ಬಂದಿದೆ, ಆದರೆ ಅದನ್ನು ಎತ್ತಬಾರದು, ಕುಲುಕಬಾರದು ಎಂದು ಡಾಕ್ಟರು ಹೇಳಿದ್ದಾರೆ.

ನಾಳೆ ಬೆಳಿಗ್ಗೆ ಅಜ್ಜಿಯ ತಂಗಿಯನ್ನು ಅವಳ ಮಗಳು ಕಾರಿನಲ್ಲಿ ದೂರದ ಊರಿಗೆ ಕರೆದೊಯ್ಯುತ್ತಾಳೆ. ಹೋಗುವಾಗ ಇಲ್ಲಿ ಒಂದು ಗಳಿಗೆ ನಿಲ್ಲಿಸುತ್ತಾಳೆ. ಆ ಚಿಕ್ಕಜ್ಜಿಗೂ ಕಾಯಿಲೆ, ಎದ್ದು ನಡೆಯಲಾಗದು. ಓಣಿಯ ಬಾಯಿ ಇಕ್ಕಟ್ಟು, ಒಳಗೆ ಕಾರು ಬರದು. ಅಜ್ಜಿಯೇ ಓಣಿಯ ತುದಿಯವರೆಗೆ ಹೋಗಬೇಕು. "ಒಂದ್ಸಲ ಅವಳ ಕೈ ಹಿಡ್ಕೋಬೇಕು ಕಣೇ," ಎಂದು ಅಜ್ಜಿ ವಾರದಿಂದ ಹೇಳುತ್ತಿದ್ದಳು.

ಟೇಪು ಲಂಬಕೋನ ತ್ರಿಭುಜ ಬರೆದಳು. ನೆಟ್ಟಗಿರುವ ಬದಿ ಎರಡು ಅಡಿ. ಓರೆಯಾಗಿರುವುದು ಹಲಗೆ. ಎತ್ತರವನ್ನು ಹಲಗೆಯ ಉದ್ದದಿಂದ ಭಾಗಿಸಿದರೆ ಬರುವುದೇ ಸೈನ್. ಕೋನ ಯಾವುದು? ಅವಳಿಗೆ ಬಾಯಿಪಾಠ ಬರುತ್ತಿದ್ದದ್ದು ಮೂರೇ: ಮೂವತ್ತು, ನಲವತ್ತೈದು, ಅರವತ್ತು. ಕ್ಲಾಸ್ ಟೆಸ್ಟಿನಲ್ಲಿ ಕೇಳುವುದೂ ಅವನ್ನೇ. ಅವುಗಳಲ್ಲಿ ಚಿಕ್ಕದು ಮೂವತ್ತು. ಸೈನ್ ಮೂವತ್ತು ಅಂದರೆ ಅರ್ಧ.

"ನಾಲ್ಕು ಅಡಿ, ಮಾವ."

"ಅಷ್ಟೇ ಸಾಕಾ? ನಾನು ಈ ಹನ್ನೆರಡಡಿ ಹಲಗೆ ಎರಡನ್ನೂ ಹಾಗೇ ಇಡೋಣ ಅಂತಿದ್ದೆ. ಚಕ್ರಕ್ಕೊಂದು."

"ನಾಲ್ಕೇ. ನೋಡು, ಸರಿಯಾಗಿ ಭಾಗ ಹೋಯ್ತು, ಪಾಯಿಂಟೂ ಇಲ್ಲ."

"ಭೇಷ್. ನಮ್ಮನೇಲೂ ಒಬ್ಬಳು ಇಂಜಿನಿಯರು." ಮಾವ ಹಲಗೆಗಳನ್ನು ಮೂರು ಮೂರು ತುಂಡು ಮಾಡಿದ. ಆರನ್ನೂ ಅಕ್ಕಪಕ್ಕ ಜೋಡಿಸಿ ಮೊಳೆ ಹೊಡೆದ.

ಬೆಳಿಗ್ಗೆ ಅಜ್ಜಿ ಒಗೆದ ಸೀರೆ ಉಟ್ಟು ಮಂಚದ ಮೇಲೆ ಕಾದಳು. "ಮೊದಲು ನೀನು ಕೂತ್ಕೋ, ಟೆಸ್ಟ್ ಮಾಡೋಣ," ಎಂದ ಮಾವ.

ಟೇಪು ಕುರ್ಚಿಯಲ್ಲಿ ಕೂತಳು. ಮುಂದಿನ ಚಕ್ರ ಅಂಚು ದಾಟಿದ್ದೇ ತಡ, ಓಣಿಯ ನೆಲ ಮುಖದ ಮೇಲೆ ಬಂದಂತಾಯಿತು. ಕುರ್ಚಿ ಜಾರಿತು, ಅವಳು ಮುಂದಕ್ಕೆ ವಾಲಿದಳು. ಮಾವ ಹಿಂದಿನಿಂದ ಅವಳ ಅಂಗಿ ಹಿಡಿದು ಜಗ್ಗದಿದ್ದರೆ ಮೂತಿ ನೆಲಕ್ಕೆ ಬಡಿಯುತ್ತಿತ್ತು.

ಒಳಗಿನಿಂದ ಅಜ್ಜಿ ಎಲ್ಲ ನೋಡಿದಳು.

"ಬೇಡ ಬಿಡಪ್ಪಾ," ಎಂದಳು.

ಓಣಿಯ ತುದಿಯಲ್ಲಿ ಹಾರ್ನ್ ಆಯಿತು. ಅಮ್ಮ ಓಡಿದಳು. ಮಾವ ಮೊಳೆ ಕೀಳಲು ಕೂತ. ತುಂಡುಗಳನ್ನು ಉದ್ದಕ್ಕೆ ಜೋಡಿಸಲು ಅಡ್ಡಪಟ್ಟಿ ಬೇಕು, ಹೊತ್ತು ಬೇಕು. ಅಜ್ಜಿಯ ಕುರ್ಚಿಯನ್ನು ಹೊಸ್ತಿಲವರೆಗೆ ತಳ್ಳಿದರು. ಅಲ್ಲಿಂದ ಕಂಡದ್ದು ಕಾರಿನ ಹಿಂದಿನ ಕೆಂಪು ದೀಪವೊಂದೇ. ಸ್ವಲ್ಪ ಹೊತ್ತಿಗೆ ಅದೂ ಇಲ್ಲ.

ಅಮ್ಮ ಒಬ್ಬಳೇ ವಾಪಸ್ ಬಂದಳು. "ಅಕ್ಕ ಬರಲಿಲ್ವಾ ಅಂತ ಚಿಕ್ಕಮ್ಮ ಕೇಳಿದ್ರು," ಎಂದು ಅಡುಗೆಮನೆಗೆ ಹೋದಳು.

ಯಾರೂ ಟೇಪುವನ್ನು ಬೈಯಲಿಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದಳೇನೋ.

ಸೋಮವಾರ ಶಾಲೆಯಲ್ಲಿ ಗಾಲಿಕುರ್ಚಿಗೆಂದು ಕಟ್ಟಿದ್ದ ಇಳಿಜಾರಿಗೆ ಅವಳು ಕೋನಮಾಪಕ ಹಿಡಿದಳು. ಹೆಚ್ಚುಕಡಿಮೆ ಐದು ಡಿಗ್ರಿ. ಪುಸ್ತಕದ ಕೊನೆಯ ಪುಟದಲ್ಲಿ ಎಲ್ಲ ಕೋನಗಳ ಸೈನ್ ಸಾಲಾಗಿ ಇದ್ದವು. ಆ ಪುಟವನ್ನು ಅವಳು ತೆರೆದೇ ಇರಲಿಲ್ಲ. ಎರಡನ್ನು ಆ ಪುಟ್ಟ ಸಂಖ್ಯೆಯಿಂದ ಭಾಗಿಸಿದಾಗ ಸುಮಾರು ಇಪ್ಪತ್ತಮೂರು ಅಡಿ ಬಂತು. ಎದುರುಮನೆಯ ಗೋಡೆ ಅದಕ್ಕಿಂತ ಎಷ್ಟೋ ಮೊದಲೇ ಅಡ್ಡ ಬರುತ್ತದೆ.

ಹನ್ನೆರಡು ಅಡಿ ಹಾಗೇ ಇದ್ದಿದ್ದರೆ? ಅಷ್ಟಕ್ಕೆ ಓಣಿಯಲ್ಲಿ ಜಾಗವಿತ್ತು. ಎರಡನ್ನು ಹನ್ನೆರಡರಿಂದ ಭಾಗಿಸಿ ಪಟ್ಟಿಯಲ್ಲಿ ಹುಡುಕಿದಳು. ಒಂಬತ್ತೂವರೆ ಡಿಗ್ರಿಯ ಹತ್ತಿರ.

ಮೂವತ್ತು ಬೇಕೆಂದು ಮೆಟ್ಟಿಲು ಹೇಳಿರಲಿಲ್ಲ. ಅಜ್ಜಿಯ ಸೊಂಟವೂ ಹೇಳಿರಲಿಲ್ಲ. ಅದು ಅವಳಿಗೆ ಬಾಯಿಪಾಠ ಬರುತ್ತಿತ್ತು, ಅಷ್ಟೇ.

"ಮಾವ, ಒಂಬತ್ತೂವರೆ ಆಗಿದ್ರೆ ಅಜ್ಜೀನ ಇಳಿಸಬಹುದಿತ್ತಾ? ನೀನು ಹಿಂದೆ, ಅಮ್ಮ ಮುಂದೆ ಹಿಡ್ಕೊಂಡು?"

ಮಾವ ಉಳಿಯ ಮೊನೆಯನ್ನು ಸಾಣೆಕಲ್ಲಿಗೆ ಉಜ್ಜಿದ. "ಗೊತ್ತಿಲ್ಲ ಟೇಪು," ಎಂದ.

ಹಲಗೆ ಬಗ್ಗುತ್ತಿತ್ತೋ, ಚಕ್ರ ಜಾರುತ್ತಿತ್ತೋ, ಅಕ್ಕತಂಗಿಯರು ಕೈ ಹಿಡಿದುಕೊಳ್ಳುತ್ತಿದ್ದರೋ, ಯೋಚಿಸಿ ಯೋಚಿಸಿ ನನಗೂ ತಿಳಿದಿಲ್ಲ.