ಕಪ್ಪಾಗದ ಸೇಬು

ವಸಂತಿಯಮ್ಮ ಬಾಗಿಲು ತಟ್ಟಿದಾಗ ಗದಿಗೆಪ್ಪನವರು ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದರು. ವಿಮಾ ಕಂಪನಿಯಲ್ಲಿ ಜೀವಮಾನವಿಡೀ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿದ ಮನುಷ್ಯ. ನಿವೃತ್ತಿಯ ನಂತರವೂ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನವರು ಅವರಿಗೆ ಬಿಡುವು ಕೊಟ್ಟವರಲ್ಲ. ಪಕ್ಕದ ಮನೆಯವನಾದ ತಪ್ಪಿಗೆ ಎಲ್ಲ ಪತ್ತೇದಾರಿಕೆಗೂ ನಾನು ಜೊತೆ. ಅಂದು ಲಿಫ್ಟೂ ಕೆಟ್ಟಿತ್ತು, ನನ್ನ ಮಂಡಿಯೂ ಕೆಟ್ಟಿತ್ತು.

"ನನ್ನ ಗಂಡನನ್ನು ಕೊಲ್ತಾ ಇದ್ದಾರೆ ಮಾರಾಯ್ರೆ," ಎಂದರು ವಸಂತಿಯಮ್ಮ. "ಯಾರು ಅಂತ ಗೊತ್ತುಂಟು. ಸಾಬೀತು ಮಾಡ್ಲಿಕ್ಕೆ ನೀವು ಬೇಕು."

ಅವರ ಗಂಡ ಸಂದೀಪರದು ದಹಿಸರ್‌ನಲ್ಲಿ ಹೋಟೆಲು. ಹೊಟ್ಟೆಯಲ್ಲಿ ಕ್ಯಾನ್ಸರ್ ಗಂಟು. ಮೊದಲ ಕೀಮೋಗೆ ಗಂಟು ಕರಗತೊಡಗಿತ್ತು. ಆಮೇಲೆ ಅದೇ ಔಷಧಿಗೆ ಜಗ್ಗಲಿಲ್ಲ, ಈಗ ಬೆಳೆಯುತ್ತಿದೆ. ಔಷಧಿ ತಂದುಕೊಟ್ಟವನು ವಸಂತಿಯಮ್ಮನ ದೊಡ್ಡಮ್ಮನ ಮಗ ಹಿತೇಶ್, ಬಿಲ್ಡಿಂಗಿನ ಕೆಳಗೇ ಔಷಧಿ ಅಂಗಡಿ ಇಟ್ಟವನು. ನಕಲಿ ಮಾಲು ಕೊಟ್ಟಿದ್ದಾನೆ, ನಾಳೆಯೇ ಪೊಲೀಸರಿಗೆ ದೂರು ಎಂದರು. ಅವನ ಬಾಳು ಹಾಳಾಗುವುದು ಇರಲಿ, ಕಾರಣ ತಿಳಿಯದಿದ್ದರೆ ಮುಂದಿನ ಕೀಮೋವೂ ವ್ಯರ್ಥವಾಗಬಹುದು ಎಂಬುದು ನನಗೂ ಹೊಳೆಯಿತು.

ಮೆಟ್ಟಿಲು ಹತ್ತಿ ಮೇಲಿನ ಮಹಡಿಯ ಅವರ ಮನೆಗೆ ಹೋದೆವು. ಸಂದೀಪರನ್ನು ನೋಡಿ ನನಗೆ ಸಂಕಟವಾಯಿತು. ತಲೆಯಲ್ಲಿ ಕೂದಲಿಲ್ಲ, ಹುಬ್ಬೂ ಇಲ್ಲ, ಬಾಯಿ ತುಂಬ ಹುಣ್ಣು. ಮೊದಲ ಕೀಮೋ ಆದಮೇಲೆ ಮನೆಯ ಒಗ್ಗರಣೆಯ ವಾಸನೆಗೇ ವಾಂತಿಯಾಗುತ್ತಿತ್ತಂತೆ. ಆಗಿನಿಂದ ಅವರ ಹೋಟೆಲಿನ ಹಳೆಯ ಅಡುಗೆಯವನು ದೂಜನೇ ಊಟ ತರುತ್ತಾನೆ. ನಾವು ಕೂತಿದ್ದಾಗಲೇ ಅವನು ದಹಿಸರ್‌ನಿಂದ ಲೋಕಲ್ ರೈಲು ಹಿಡಿದು, ಜನರ ನಡುವೆ ಜಜ್ಜಿಹೋಗಿ ಬಂದ. ಡಬ್ಬಿಯಲ್ಲಿ ಸುಲಿದ ಸೇಬಿನ ಹೋಳು, ಗಂಜಿ, ಬಾಟಲಿಯಲ್ಲಿ ಶರಬತ್ತು. ಸಂದೀಪರು ಎರಡು ಹೋಳು ತಿಂದು ಮುಖ ತಿರುಗಿಸಿದರು.

ಸಂಜೆ ಗದಿಗೆಪ್ಪನವರು ನನ್ನನ್ನು ಮತ್ತೆ ಮೆಟ್ಟಿಲು ಹತ್ತಿಸಿದರು. ಉಳಿದ ಹೋಳುಗಳು ಮಂಚದ ಪಕ್ಕದಲ್ಲೇ ಇದ್ದವು, ಈಗ ತಾನೇ ಕೊಯ್ದಷ್ಟು ಬೆಳ್ಳಗೆ. ಒಳ್ಳೆಯ ಹಣ್ಣು ಎಂದೆ. ಅವರು ಶರಬತ್ತಿನ ಒಂದು ಹನಿ ನಾಲಿಗೆಗಿಟ್ಟು ಹುಳಿಗೆ ಮುಖ ಸಿಂಡರಿಸಿದರು, ಬಾಟಲಿಯನ್ನು ನನ್ನ ಮೂಗಿಗೆ ಹಿಡಿದರು. ನಿಂಬೆಯ ವಾಸನೆಯೇ ಇರಲಿಲ್ಲ.

ಮರುದಿನ ಬೆಳಗ್ಗೆ ಎಲ್ಲರೂ ಸಂದೀಪರ ಮಂಚದ ಸುತ್ತ ಸೇರಿದರು. ಹಿತೇಶ್ ಬಾಗಿಲ ಬಳಿ ನಿಂತೇ ಇದ್ದ. ಸಂದೀಪರ ಅಕ್ಕನ ಮಗಳು ಲಾವಣ್ಯಾ, ಡಾಕ್ಟರು, ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದಿದ್ದಳು.

"ಔಷಧ ಖೋಟಾ ಇದ್ದಿದ್ರ ಕೂದಲಾ ಉದುರತಿರಲಿಲ್ಲ, ಬಾಯಾಗ ಹುಣ್ಣ ಏಳತಿರಲಿಲ್ಲ," ಎಂದು ಗದಿಗೆಪ್ಪನವರು ಶುರುಮಾಡಿದರು. "ಹಿತೇಶಂದು ಖರೇ ಮಾಲು. ಮೈಯೆಲ್ಲಾ ಅದರ ಮಾತು ಕೇಳೇತಿ, ಗಂಟು ಒಂದ ಕೇಳಿಲ್ಲ. ಯಾವಾಗಿಂದ ಕೇಳಿಲ್ಲ? ಊಟ ಬದಲಾದಾಗಿಂದ. ದೂಜಣ್ಣ, ನಿನ್ನ ಸೇಬು ಯಾಕ ಕಪ್ಪಾಗಂಗಿಲ್ಲ?"

ದೂಜ ಗಾಬರಿಯಾಗಲಿಲ್ಲ. "ಪುಡಿ ಹಾಕ್ತೇನೆ. ಹೋಟೆಲಲ್ಲಿ ಹಣ್ಣಿನ ಪ್ಲೇಟಿಗೆ ಹಾಕುವುದೇ ಅಲ್ವಾ, ವಿಟಮಿನ್ ಸಿ."

"ಶರಬತ್ತಿಗೂ?"

"ಗಂಜಿಗೂ. ಕೊಯ್ದ ಹಣ್ಣನ್ನೇ ಅದು ಹಾಳಾಗ್ಲಿಕ್ಕೆ ಬಿಡುವುದಿಲ್ಲ. ಧಣಿಗಳನ್ನೂ ಬಿಡ್ಲಿಕ್ಕಿಲ್ಲ ಅಂತ ಚಮಚಗಟ್ಟಲೆ ಹಾಕಿದೆ."

ಗದಿಗೆಪ್ಪನವರು ಬಹಳ ಮೆಲ್ಲಗೆ ವಿವರಿಸಿದರು. ಸೇಬು ಕಪ್ಪಾಗುವುದು ಗಾಳಿಯಲ್ಲಿನ ಆಮ್ಲಜನಕ ತಾಗಿ. ಪುಡಿ ಅದನ್ನು ತಡೆಯುತ್ತದೆ. ಈ ಕೀಮೋ ಔಷಧಿಯೂ ಗಂಟಿನ ಕೋಶಗಳೊಳಗೆ ಅಂಥದೇ ಆಮ್ಲಜನಕದ ಉರಿ ಎಬ್ಬಿಸಿ ಕೊಲ್ಲುತ್ತದೆಂದು ರಾತ್ರಿ ಲಾವಣ್ಯಾಳೇ ಫೋನಿನಲ್ಲಿ ಹೇಳಿದ್ದಳಂತೆ. ಆ ಉರಿಗೆ ದೂಜನ ಪುಡಿ ನೀರು ಹೊಯ್ದಿರಬಹುದು.

ದೂಜ ಕೈಯಲ್ಲಿದ್ದ ಡಬ್ಬಿಯನ್ನು ನೆಲಕ್ಕಿಟ್ಟ. "ಹಾಗಾದ್ರೆ ನಾನೇ," ಎಂದ.

"ಇಲ್ಲ ಅಂಕಲ್," ಎಂದಳು ಲಾವಣ್ಯಾ, ಕನ್ನಡದ ಪದಗಳಿಗೆ ತಡಕಾಡುತ್ತ. "ಪಾಸಿಬಲ್, ಅಷ್ಟೇ. ಟ್ಯೂಮರ್ ಇದೆಯಲ್ಲಾ, ಅದು ತನ್ನೊಳಗೇ ಉರಿ ಆರಿಸೋ ಆ ಥರದ ಪುಡಿ ಮಾಡ್ಲಿಕ್ಕೆ ಕಲಿಯುತ್ತೆ. ನೀವು ಹಾಕದಿದ್ರೂ ಕಲೀತಿತ್ತೇನೋ. ಯಾವುದರಿಂದ ಆಯ್ತು ಅಂತ ಯಾರೂ ಹೇಳ್ಲಿಕ್ಕಾಗಲ್ಲ." ಪುಡಿ ಇಂದೇ ನಿಲ್ಲಬೇಕು, ಕ್ಯಾನ್ಸರ್ ಡಾಕ್ಟರಿಗೆ ಎಲ್ಲವನ್ನೂ ಹೇಳಬೇಕು, ಅವರು ಔಷಧಿ ಬದಲಿಸಬಹುದು ಎಂದಳು. ಬೇರೇನೂ ಭರವಸೆ ಕೊಡಲಿಲ್ಲ.

ವಸಂತಿಯಮ್ಮ ಹಿತೇಶನ ಕೈ ಹಿಡಿದುಕೊಂಡು ಅತ್ತರು. ಅವನೂ ಅತ್ತ. ನನಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. "ಈ ಕೇಸಿನಾಗ ಹಿಡ್ಯಾಕ ಯಾರೂ ಸಿಗಲಿಲ್ಲ ಕಿಶೋರ," ಎಂದು ಗದಿಗೆಪ್ಪನವರು ನನ್ನ ಭುಜಕ್ಕೆ ಭಾರ ಹಾಕಿ ಎದ್ದರು.

ಅಷ್ಟರಲ್ಲಿ, ಕಣ್ಣು ಮುಚ್ಚಿಯೇ ಎಲ್ಲ ಕೇಳಿಸಿಕೊಂಡಿದ್ದ ಸಂದೀಪರು ಕಣ್ಣು ತೆರೆದು, ದೂಜನನ್ನು ಕರೆದು ಸೇಬು ಕೇಳಿದರು. ಅವನು ಅಡುಗೆಮನೆಯಲ್ಲೇ ಒಂದು ಸೇಬು ಸುಲಿದು, ಪುಡಿ ಮುಟ್ಟದೆ ತಟ್ಟೆಯಲ್ಲಿ ತಂದ. ಹುಣ್ಣಿನ ಬಾಯಿಗೆ ಒಂದೊಂದು ಹೋಳಿಗೂ ಬಹಳ ಹೊತ್ತು ಹಿಡಿಯಿತು. ನೋಡುತ್ತಿದ್ದಂತೆ ಉಳಿದವು ಕಂದಿದವು.

"ಕಪ್ಪಾಯ್ತು ಧಣಿ. ಬೇರೆ ಕೊಯ್ತೇನೆ."

"ಬೇಡ, ಅದನ್ನೇ ಕೊಡು," ಎಂದರು ಸಂದೀಪರು. "ನಾಳೆಯೂ ನೀನೇ ತಾ."

ಅಂದು ಅವರು ತಟ್ಟೆ ಖಾಲಿ ಮಾಡಿದರು.