ಎಂಜಿನ್ನಿನೊಳಗಿನ ಹಲ್ಲಿ

ಧಡ್!

ಜೀಪು ಹಿಂದಿನಿಂದ ಮತ್ತೆ ಗುದ್ದಿತು. ಕೆಟ್ಟ ಗಾಡಿಗಳನ್ನು ಹೊತ್ತೊಯ್ಯುವ ನಮ್ಮ ಟೋಯಿಂಗ್ ಲಾರಿ ಮುದಿ ಎಮ್ಮೆಯಂತೆ ನರಳಿತು.

"ಅಕ್ಕಾ!" ಸ್ಟಿಯರಿಂಗ್ ಹಿಡಿದಿದ್ದ ನನ್ನ ಜೊತೆಗಾರ ಗೂಳಿ ಅರಚಿದ. "ಮೇಲಿರೋ ಕಾರನ್ನ ಇಳಿಸಿ ಓಡಿಸ್ಕೊಂಡು ಹೋಗು! ಇವರಪ್ಪ ಬಂದ್ರೂ ಹಿಡಿಯೋಕಾಗಲ್ಲ!"

"ಅದನ್ನ ಸ್ಟಾರ್ಟ್ ಮಾಡಿದ್ರೆ ನನ್ನ ತಮ್ಮ ಜೈಲಿಗೆ! ಬಾಯಿ ಮುಚ್ಕೊಂಡು ಒತ್ತೋ!"

ನಗಬೇಡಿ. ಐನೂರು ಕುದುರೆಯ ಬಲವಿರುವ ಕಾರು... ಕತ್ತೆಯ ಬೆನ್ನ ಮೇಲೆ ಸವಾರಿ ಹೊರಟಿತ್ತು!

ಮಾಯವಾದ ಗಾಡಿಗಳನ್ನು ಹುಡುಕಿ ತರುವುದು ನನ್ನ ಕಸುಬು. ಗಾಡಿಯೊಂದನ್ನು ನಾನೇ ಮಾಯ ಮಾಡಿದ್ದು ಇವತ್ತೇ ಮೊದಲು.

ನನ್ನ ತಮ್ಮ ಆ ಕಾರು ಮಾರಾಟಕ್ಕಿದ್ದ ಶೋರೂಮಿನ ಡ್ರೈವರ್. ಹೋದ ವಾರ ಅದೇ ಕಾರನ್ನು ರಸ್ತೆಗೆ ತಂದ. ತಿರುವಿನಲ್ಲಿ ಅವನಿಗೆ ಕಣ್ಣು ಕತ್ತಲೆ ಬಂತು. ಫುಟ್‌ಪಾತಿನಲ್ಲಿ ಪೇಪರ್ ಮಾರುತ್ತಿದ್ದ ಮುದುಕ ಸತ್ತ. ಕಾರಿನ ಮೂತಿ ಜಜ್ಜಿತು, ಅಷ್ಟೆ.

"ಡ್ರೈವರ್ ನಿದ್ದೆ ಹೊಡೀತಿದ್ದ," ಎಂದ ಶೋರೂಮಿನ ಮ್ಯಾನೇಜರ್.

ಠಾಣೆಯ ಬಿಸಿಲಿಗೆ ಬಣ್ಣ ಹಾಳಾಗುತ್ತದೆ ಎಂದು ಕಾರನ್ನು ಶೋರೂಮಿನಲ್ಲೇ ಬಿಟ್ಟರು. ತಮ್ಮನನ್ನು ಮಾತ್ರ ಲಾಕಪ್ಪಿಗೆ ತಳ್ಳಿದರು. ಅವನ ಬಣ್ಣಕ್ಕೆ ಏನೂ ಆಗುವುದಿಲ್ಲವಲ್ಲ!

ಸರಳಿನ ಆಚೆಯಿಂದ ಅವನು ಹೇಳಿದ್ದು ಒಂದೇ.

"ಅಕ್ಕಾ, ಎಂಜಿನ್ ಟಿಕ್ ಟಿಕ್ ಅಂತಿತ್ತು. ತಣ್ಣಗಿದ್ದಾಗ ಮಾತ್ರ. ಬಿಸಿಯಾದ್ರೆ ಬಾಯಿ ಮುಚ್ಕೊಳ್ಳುತ್ತೆ. ಗಿರಾಕಿ ಕಿವಿಗೆ ಬೀಳಬಾರ್ದು ಅಂತ ದಿನಾ ಬೆಳಿಗ್ಗೆ ನನ್ನನ್ನೇ ಕೂರಿಸಿ ಬಿಸಿ ಮಾಡಿಸ್ತಿದ್ರು. ಅವತ್ತೂ ಬಿಸಿ ಮಾಡಿಯೇ ರಸ್ತೆಗೆ ಇಳಿಸಿದ್ದು."

"ಎಲ್ಲಿ?"

"ನೆಲಮಾಳಿಗೇಲಿ. ಸೀಟಿನ ಮೇಲೆ ಧೂಳು ಬೀಳಬಾರ್ದು ಅಂತ ಗಾಜು ಏರಿಸಿ. ಟಿಕ್ ಟಿಕ್ ಅನ್ನುತ್ತೆ, ತಲೆ ಸುತ್ತುತ್ತೆ ಸಾರ್ ಅಂದೆ. ಮ್ಯಾನೇಜರ್ ನಕ್ಕುಬಿಟ್ರು. 'ಒಳಗೆ ಹಲ್ಲಿ ಇದೆ ಕಣೋ. ಹಲ್ಲಿ ಲೊಚಗುಟ್ಟಿದ್ರೆ ಆಡಿದ ಮಾತು ನಿಜವಂತೆ. ಪ್ರಮೋಷನ್ ಕೇಳ್ಕೋ' ಅಂದ್ರು."

ಗೂಳಿಗೆ ಗಾಡಿಗಳ ಗುಟ್ಟು ಗೊತ್ತು. ಅವನನ್ನು ಕೇಳಿದೆ.

"ಹೊಗೆ ಕೊಳವೇಲಿ ಸೀಳು ಬಿಟ್ಟಿರ್ಬೇಕಕ್ಕ. ಕಾದ್ರೆ ಲೋಹ ಹಿಗ್ಗಿ ಸೀಳು ಮುಚ್ಕೊಳ್ಳುತ್ತೆ. ಸದ್ದು ಮಾಯ. ಆದ್ರೆ ಅಲ್ಲೀವರೆಗೂ ವಿಷದ ಹೊಗೆ ಸೀಟಿನ ಕಡೆಗೇ. ಆ ಕಾರಿಗೆ ಎಂಜಿನ್ ಇರೋದು ಡ್ರೈವರ್ ಬೆನ್ನ ಹಿಂದೆ ತಾನೆ?"

ನನ್ನ ರಕ್ತ ಕುದಿಯಿತು. ಗಿರಾಕಿಯ ಕಿವಿ ತಂಪಾಗಿರಲಿ ಎಂದು ನನ್ನ ತಮ್ಮ ಹೊಗೆ ಕುಡಿದ!

ಇನ್‌ಸ್ಪೆಕ್ಟರ್ ಕಾರು ನೋಡಲು ಹೋಗಿದ್ದರು. ಮ್ಯಾನೇಜರ್ ಮೊದಲೇ ಬಿಸಿ ಮಾಡಿಟ್ಟಿದ್ದ. ರೇಷ್ಮೆಯಂಥ ಸದ್ದು. "ನಿನ್ನ ತಮ್ಮನ ತಲೇಲಿ ಟಿಕ್ ಟಿಕ್ ಅಂತಿರ್ಬೇಕಮ್ಮಾ," ಎಂದು ನನ್ನನ್ನು ಕಳಿಸಿದ್ದರು.

ಇವತ್ತು ಮ್ಯಾನೇಜರ್ ಹೊಸ ಎಂಜಿನ್ ಕೂರಿಸಲು ಕಾರನ್ನು ದೂರದ ಗ್ಯಾರೇಜಿಗೆ ಸಾಗಿಸಲು ಹೊರಟ. ಟೋಯಿಂಗ್ ಲಾರಿಗೆ ಫೋನ್ ಮಾಡಿದ.

ಫೋನ್ ಎತ್ತಿದ್ದು ಗೂಳಿ!

ಕೀಲಿ, ಕಾರು ಎರಡೂ ಕೈಗೆ ಬಂದವು. ಗ್ಯಾರೇಜಿನ ದಾರಿ ಬಿಟ್ಟು ಠಾಣೆಯ ಕಡೆ ತಿರುಗಿದ್ದೇ ತಡ, ಮ್ಯಾನೇಜರನ ಜೀಪು ಬೆನ್ನು ಹತ್ತಿತು.

ಧಡ್!

ಕಾರಿನ ಚಕ್ರಕ್ಕೆ ಬಿಗಿದಿದ್ದ ಸರಪಳಿ ಸಡಿಲವಾಯಿತು. ಕಾರು ಹಿಂದಕ್ಕೆ ಜಾರಿತು. ಇನ್ನೊಂದು ಗುದ್ದು... ಎಲ್ಲ ಮುಗಿಯುತ್ತಿತ್ತು.

ಕ್ಯಾಬಿನ್ನಿನ ಕಿಟಕಿಯಿಂದ ಹೊರಗೆ ತೂರಿದೆ. ಲಾರಿಯ ಹಲಗೆಯ ಮೇಲೆ ಬಿದ್ದೆ. ಮೊಣಕೈ ತರಚಿಹೋಯಿತು. ಸ್ಟೆಪ್ನಿ ಟೈರ್ ಕಂಡಿತು. ಹಗ್ಗ ಬಿಚ್ಚಿದೆ. ಹಿಂದಕ್ಕೆ ಒದ್ದೆ!

ಟೈರ್ ಒಂದು ಸಲ ಪುಟಿದು ಜೀಪಿನ ಮೂತಿಗೆ ಅಪ್ಪಳಿಸಿತು. ರೇಡಿಯೇಟರ್ ಬುಸ್ ಎಂದಿತು. ಜೀಪು ಓಲಾಡಿ ಠಾಣೆಯ ಕಾಂಪೌಂಡಿಗೇ ಹೋಗಿ ಮುತ್ತಿಟ್ಟಿತು.

ಸದ್ದಿಗೆ ಇನ್‌ಸ್ಪೆಕ್ಟರ್ ಹೊರಗೆ ಓಡಿ ಬಂದರು. ಜೀಪಿನಿಂದ ಮ್ಯಾನೇಜರ್ ಇಳಿದ. ಟೈ ಬೆನ್ನಿಗೆ ತಿರುಗಿತ್ತು. ಸೊಕ್ಕು ಮಾತ್ರ ನೆಟ್ಟಗಿತ್ತು.

"ಕಳ್ಳಿ ಸಾರ್ ಇವಳು! ಹಿಡೀರಿ!"

"ಹಿಡೀರಿ ಸಾರ್. ಮೊದ್ಲು ಎಂಜಿನ್ ಮುಟ್ಟಿ ನೋಡಿ."

ಗೂಳಿ ಅಂಗಳದಲ್ಲಿ ಲಾರಿ ನಿಲ್ಲಿಸಿ ಕಾರನ್ನು ಇಳಿಸಿದ. ಇನ್‌ಸ್ಪೆಕ್ಟರ್ ಮುಟ್ಟಿದರು. "ತಣ್ಣಗಿದೆಯಲ್ರೀ."

ಮ್ಯಾನೇಜರ್ ಮುಖವೂ ಹಾಗೇ ಆಯಿತು. "ಸ್ವಲ್ಪ ಬಿಸಿ ಮಾಡ್ಕೊಡ್ತೀನಿ ಸಾರ್... ದುಬಾರಿ ಎಂಜಿನ್ನು..."

ನಾನು ಸ್ಟಾರ್ಟ್ ಮಾಡಿದೆ.

ಟಿಕ್... ಟಿಕ್... ಟಿಕ್... ಟಿಕ್...

ಅಂಗಳವೆಲ್ಲ ಕೇಳಿಸಿಕೊಂಡಿತು.

"ಪರ್ಫಾರ್ಮೆನ್ಸ್ ಕಾರು ಸಾರ್," ಮ್ಯಾನೇಜರ್ ಹಲ್ಲು ಕಿರಿದ. "ಸ್ವಲ್ಪ ಟಿಕ್ ಟಿಕ್ ಅನ್ನೋದು ಇದರ ಜಾತಿ ಲಕ್ಷಣ."

"ಅಪಾಯ ಇಲ್ವಾ?" ಎಂದೆ.

"ಏನೂ ಇಲ್ಲ!"

"ಹಾಗಾದ್ರೆ ಕೂತ್ಕೊಳ್ಳಿ."

ಕಾಲರ್ ಹಿಡಿದು ಒಳಗೆ ದೂಡಿದೆ. ಗಾಜು ಏರಿತ್ತು. ಬಾಗಿಲು ಬಡಿದು ಬೆನ್ನು ಕೊಟ್ಟು ನಿಂತೆ. ಆ ಕಡೆಯ ಬಾಗಿಲಿಗೆ ಗೂಳಿ ಒರಗಿದ.

"ಏಯ್, ಏನಮ್ಮಾ ಇದು!" ಇನ್‌ಸ್ಪೆಕ್ಟರ್ ಗದರಿದರು.

"ಧೂಳು ಬೀಳಬಾರ್ದಲ್ಲ ಸಾರ್, ಸೀಟಿನ ಮೇಲೆ!"

ನನ್ನ ತಮ್ಮ ಅದರಲ್ಲಿ ದಿನಾ ಬೆಳಿಗ್ಗೆ ಕೂತ. ಈ ಮಹಾಶಯ ಒಂದು ನಿಮಿಷ ಕೂರಲಿಲ್ಲ. ಗಾಜಿಗೆ ಗುದ್ದತೊಡಗಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

"ಬಾಗಿಲು ತೆಗಿ! ಹೊಗೆ ಒಳಗೆ ಬರುತ್ತೆ! ಸತ್ತೋಗ್ತೀನಿ ಕಣೇ! ಆ ಹುಡುಗನಿಗೂ ಹಿಂಗೇ ತಲೆ ತಿರುಗಿದ್ದು!"

ಬಾಗಿಲಿಗೆ ಚಾಚಿದ್ದ ಇನ್‌ಸ್ಪೆಕ್ಟರ್ ಕೈ ಗಾಳಿಯಲ್ಲೇ ನಿಂತಿತು.

ಎಂಜಿನ್ ಮಾತ್ರ ಮಾತಾಡಿತು. ಟಿಕ್... ಟಿಕ್...

ನಾನು ಬಾಗಿಲು ಬಿಟ್ಟೆ. ಅವನು ಚೀಲದಂತೆ ಹೊರಗೆ ಉರುಳಿದ.

"ಹಲ್ಲಿ ಲೊಚಗುಟ್ತು ಸಾರ್," ಎಂದೆ. "ಬರ್ಕೊಳ್ಳಿ."